ಬಚ್ಚಲ ನಲ್ಲಿಗೆ ಬಿಸಿನೀರು ತಡವಾಗಿ ಬರುವುದೇಕೆ?

ಹಿಂದಿನ ತಲೆಮಾರಿನ ಮನೆಗಳಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಬಚ್ಚಲ ಮನೆಯ ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಮಡಲು, ಮರಗಸಿ ಮಾಡಿದಾಗ ಬಿದ್ದ ಕೊಂಬೆ, ಇವೇ ಉರುವಲು. ಮೀಯುವವನು ಕುಳಿತಲ್ಲಿಂದಲೇ ತಂಬಿಗೆ ಅದ್ದಿ ಬಿಸಿನೀರು ತೆಗೆದುಕೊಳ್ಳುತ್ತಿದ್ದನು. ನೀರು ಕಾಯುವ ಜಾಗಕ್ಕೂ ಮೈಮೇಲೆ ಬೀಳುವ ಜಾಗಕ್ಕೂ ಒಂದು ಮೊಳದ ಅಂತರ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ತೊಳೆದು ಸಿಂಗರಿಸುವ ಪದ್ಧತಿ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಆದರೆ ನಿತ್ಯದ ಸ್ನಾನದ ನೀರು ಮಾತ್ರ ಹಂಡೆಯನ್ನು ಬಿಟ್ಟು ಮಾಡಿನ ಮೇಲಕ್ಕೆ ಹತ್ತಿದೆ.

ಈಗ ಮನೆಮನೆಯ ಮೇಲೆ ಸೂರ್ಯಶಾಖದ ನೀರೊಲೆ, ಅಂದರೆ ನಾವೆಲ್ಲ ಹೇಳುವ ಸೋಲಾರ್, ಬಂದಿದೆ. ಗೀಸರ್ ಬಂದಿದೆ. ತೋಟದ ಬಂಗಲೆಗಳಲ್ಲಿಯೂ ಅತಿಥಿಗಳಿಗಾಗಿ ಕಟ್ಟಿದ ಕೊಠಡಿಗಳಲ್ಲಿಯೂ ಹೊರಗಡೆ ಸೌದೆಯ ಬಾಯ್ಲರ್ ಇದ್ದು, ಅಲ್ಲಿಂದ ಪೈಪಿನಲ್ಲಿ ನೀರು ಒಳಗೆ ಬರುತ್ತದೆ. ಅನುಕೂಲ ಹೆಚ್ಚಿತು, ಜೊತೆಗೆ ಒಂದು ದೂರೂ ಹುಟ್ಟಿತು: "ನಲ್ಲಿ ತಿರುಗಿಸಿದರೆ ಮೊದಲು ಬರುವುದು ತಣ್ಣೀರೇ, ಬಿಸಿನೀರು ಬರುವಷ್ಟರಲ್ಲಿ ಒಂದು ಬಕೆಟ್ ಚರಂಡಿ ಪಾಲು." ಸೋಲಾರ್ ಸರಿಯಿಲ್ಲವೆಂದು ಕೆಲವರು ಕಂಪನಿಯನ್ನು ದೂರುತ್ತಾರೆ. ದಪ್ಪ ಪೈಪು ಹಾಕಿಸಿದರೆ ಬೇಗ ಬರುತ್ತದೆಂದು ಕೆಲವರು ಪೈಪು ಬದಲಾಯಿಸುತ್ತಾರೆ. ಅದರಿಂದ ತೊಂದರೆ ಹೆಚ್ಚುವುದೂ ಉಂಟು. ಇದರ ಕಾರಣವೇನೆಂಬುದನ್ನು ಲೆಕ್ಕಸಮೇತ ತಿಳಿದುಕೊಂಡರೆ ನೀರು, ವಿದ್ಯುತ್ತು, ಸೌದೆ ಮೂರೂ ಉಳಿಯುತ್ತವೆ. ಒಂದೆರಡು ಅಪಾಯಗಳನ್ನೂ ತಪ್ಪಿಸಬಹುದು.

ಪೈಪು ಖಾಲಿ ಇರುವುದಿಲ್ಲ

ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಬಿಸಿಲಿಗೆ ಬಿದ್ದಿರುವ ತುಂತುರು ನೀರಾವರಿಯ ಪೈಪಿನಲ್ಲಿ ಹಿಂದಿನ ಸರದಿಯ ನೀರು ಉಳಿದಿದ್ದರೆ, ಪಂಪು ಚಾಲೂ ಮಾಡಿದಾಗ ಮೊದಲು ಚಿಮ್ಮುವುದು ಕಾದ ನೀರು. ಆಮೇಲೆ ಕೆರೆಯ ತಣ್ಣೀರು ಬರುತ್ತದೆ. ಮೊದಲು ಬಂದದ್ದು ಪೈಪಿನೊಳಗೆ ನಿಂತಿದ್ದ ನೀರು. ಅದು ಪೂರ್ತಿ ಹೊರಗೆ ಹೋಗದೆ ಹಿಂದಿನ ನೀರು ಮುಂದೆ ಬರಲಾರದು.

ಮನೆಯ ಬಿಸಿನೀರಿನ ಪೈಪಿನಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ರಾತ್ರಿ ಕೊನೆಯವರು ಮಿಂದು ನಲ್ಲಿ ಮುಚ್ಚಿದಾಗ ಸೋಲಾರ್ ಟ್ಯಾಂಕಿನಿಂದ ಬಚ್ಚಲವರೆಗೆ ಪೈಪಿನ ತುಂಬ ಬಿಸಿನೀರೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಟ್ಯಾಂಕಿನ ಸುತ್ತ ದಪ್ಪ ಹೊದಿಕೆ ಇರುವುದರಿಂದ ಅದರೊಳಗಿನ ನೀರು ಬಿಸಿಯಾಗಿಯೇ ಇದೆ. ಪೈಪಿಗೆ ಆ ಹೊದಿಕೆ ಇಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸಿದವರಿಗೆ ಮೊದಲು ಸಿಗುವುದು ಈ ಪೈಪಿನ ತಂಗಳು ನೀರು.

ಇಲ್ಲಿ ಒಂದು ಸಂಶಯ ಬರಬಹುದು. ನಲ್ಲಿ ತಿರುಗಿಸಿದ ಕ್ಷಣವೇ ನೀರು ಬೀಳುತ್ತದಲ್ಲ, ಬಿಸಿ ಮಾತ್ರ ಏಕೆ ತಡ? ತುಂಬಿದ ಪೈಪಿನ ಒಂದು ತುದಿ ತೆರೆದರೆ ಒತ್ತಡದ ಬದಲಾವಣೆ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಕಬ್ಬಿಣದ ಪೈಪಿನ ಇನ್ನೊಂದು ತುದಿ ಮುಟ್ಟುತ್ತದೆ. ಆದ್ದರಿಂದ ನೀರು ಕೂಡಲೇ ಹೊರಡುತ್ತದೆ. ಆದರೆ ಬಿಸಿ ನೀರಿನ ಜೊತೆಯಲ್ಲೇ ಬರಬೇಕು. ನಿಮಿಷಕ್ಕೆ 6 ಲೀಟರ್ ಸುರಿಯುವ ನಲ್ಲಿಗೆ ಮುಕ್ಕಾಲು ಇಂಚಿನ ಪೈಪಿನಲ್ಲಿ ನೀರು ಬರುವ ವೇಗ ಸೆಕೆಂಡಿಗೆ ಸುಮಾರು ಒಂದು ಅಡಿ. ಒತ್ತಡ ಓಡುತ್ತದೆ, ಬಿಸಿ ನಡೆಯುತ್ತದೆ. ನಿಂತ ನೀರಿನಲ್ಲಿ ಶಾಖ ತಾನಾಗಿ ಮುಂದೆ ಸಾಗುವುದು ಬಹಳ ನಿಧಾನ. ಹಾಗಾಗಿ ನಲ್ಲಿ ಮುಚ್ಚಿಟ್ಟುಕೊಂಡು ಎಷ್ಟು ಹೊತ್ತು ಕಾದರೂ ಬಿಸಿ ತಾನಾಗಿ ಬರುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಪೈಪಿನಲ್ಲಿ ಎಷ್ಟು ನೀರು ಹಿಡಿಯುತ್ತದೆಂಬುದು ಅದರ ಒಳ ಅಳತೆಯನ್ನು ಅವಲಂಬಿಸಿದೆ. ಒಂದು ಮೀಟರ್ ಉದ್ದದ ಜಿ.ಐ. ಪೈಪಿನಲ್ಲಿ ಹಿಡಿಯುವ ನೀರು ಸುಮಾರಾಗಿ ಹೀಗಿದೆ:

ಅರ್ಧ ಇಂಚು: 0.20 ಲೀಟರ್
ಮುಕ್ಕಾಲು ಇಂಚು: 0.35 ಲೀಟರ್
ಒಂದು ಇಂಚು: 0.57 ಲೀಟರ್

ಈಗ ಹೆಚ್ಚು ಬಳಕೆಯಲ್ಲಿರುವ ಸಿ.ಪಿ.ವಿ.ಸಿ. ಪೈಪಿನ ಒಳ ಅಳತೆ ಇದಕ್ಕಿಂತ ಕಿರಿದು. ಅದರಲ್ಲಿ ಅರ್ಧ ಇಂಚಿನದು ಮೀಟರಿಗೆ 0.12, ಮುಕ್ಕಾಲು ಇಂಚಿನದು 0.26, ಒಂದು ಇಂಚಿನದು 0.43 ಲೀಟರ್ ಹಿಡಿಯುತ್ತದೆ.

ಮಾಡಿನ ಮೇಲಿನ ಸೋಲಾರ್ ಟ್ಯಾಂಕಿನಿಂದ ಕೆಳಗಿನ ಹಿತ್ತಿಲ ಬಚ್ಚಲಿಗೆ ಸುತ್ತಿ ಬಳಸಿ 18 ಮೀಟರ್, ಅಂದರೆ ಸುಮಾರು 60 ಅಡಿ, ಮುಕ್ಕಾಲು ಇಂಚಿನ ಜಿ.ಐ. ಪೈಪು ಇದೆ ಎಂದುಕೊಳ್ಳೋಣ. ದೊಡ್ಡ ಮನೆಗಳಲ್ಲಿ ಇದು ಹೆಚ್ಚಿನ ಉದ್ದವೇನಲ್ಲ. ಆ ಪೈಪಿನಲ್ಲಿ ನಿಂತಿರುವ ನೀರು 6.3 ಲೀಟರ್. ನಲ್ಲಿ ನಿಮಿಷಕ್ಕೆ 6 ಲೀಟರ್ ಕೊಡುವುದಾದರೆ ಅಷ್ಟು ನೀರು ಹೊರಹೋಗಲು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಬೇಕು.

ಆದರೆ ಗಡಿಯಾರ ಹಿಡಿದು ನೋಡಿದರೆ ಬಿಸಿ ಬರಲು ಒಂದೂವರೆ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಮಿಕ್ಕ ಅರ್ಧ ನಿಮಿಷ ಎಲ್ಲಿಗೆ ಹೋಯಿತು? ಅದನ್ನು ಪೈಪೇ ನುಂಗಿತು. ರಾತ್ರಿಯಿಡೀ ತಣ್ಣಗಾಗಿದ್ದ ಕಬ್ಬಿಣವನ್ನು ಕಾಯಿಸದೆ ಬಿಸಿನೀರು ಮುಂದುವರಿಯಲಾರದು. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಸುಮಾರು 1.6 ಕಿಲೋ ತೂಗುತ್ತದೆ. ಅದನ್ನು ಬಿಸಿ ಮಾಡಲು ಬೇಕಾಗುವ ಶಾಖ ಸುಮಾರು 0.18 ಲೀಟರ್ ನೀರನ್ನು ಅಷ್ಟೇ ಬಿಸಿ ಮಾಡಲು ಬೇಕಾಗುವ ಶಾಖಕ್ಕೆ ಸಮ. 18 ಮೀಟರಿಗೆ ಇದು 3.3 ಲೀಟರಾಯಿತು. 6.3 ಮತ್ತು 3.3 ಕೂಡಿದರೆ 9.6 ಲೀಟರ್. ಹೆಚ್ಚುಕಡಿಮೆ ಒಂದು ಸಣ್ಣ ಬಕೆಟ್ ನೀರು ಹರಿದ ಮೇಲೆಯೇ ಕೈಗೆ ಬಿಸಿ ತಗಲುವುದು. ಮುಂದೆ ಬರುವ ಬಿಸಿನೀರು ತಣ್ಣೀರಿನೊಡನೆ ಅಂಚಿನಲ್ಲಿ ಬೆರೆಯುವುದರಿಂದ ಮೊದಲು ಉಗುರು ಬೆಚ್ಚಗೆ, ಆಮೇಲೆ ಪೂರ್ತಿ ಬಿಸಿ.

ಇದೇ ಉದ್ದಕ್ಕೆ ಮುಕ್ಕಾಲು ಇಂಚಿನ ಸಿ.ಪಿ.ವಿ.ಸಿ. ಪೈಪು ಇದ್ದರೆ ಒಟ್ಟು ಸುಮಾರು ಐದೂವರೆ ಲೀಟರಿಗೆ ಬಿಸಿ ಬರುತ್ತದೆ. ಅದರ ಒಳಗಣ ನೀರೂ ಕಡಿಮೆ, ಪ್ಲಾಸ್ಟಿಕ್ ಹೀರುವ ಶಾಖವೂ ಕಡಿಮೆ.

ದಿನಕ್ಕೆ ಮೂರು ಬಾರಿ, ಪೂರ್ತಿ ತಣಿದ ಪೈಪಿನಿಂದ, ಹತ್ತತ್ತು ಲೀಟರ್ ಹರಿಸಿದರೆ 30 ಲೀಟರ್. ವರ್ಷಕ್ಕೆ ಸುಮಾರು 11,000 ಲೀಟರ್. ಪ್ರತಿ ಸಲ ನಲ್ಲಿ ಮುಚ್ಚಿದಾಗ ಅಷ್ಟೇ ಬಿಸಿ ಪೈಪಿನಲ್ಲಿ ಉಳಿದು ಗೋಡೆಗೂ ಗಾಳಿಗೂ ದಾನವಾಗುತ್ತದೆ ಎಂಬುದನ್ನೂ ಮರೆಯಬಾರದು. 60 ಡಿಗ್ರಿಯಿಂದ 25 ಡಿಗ್ರಿಗೆ ಇಳಿಯುವಾಗ ಮೇಲಿನ ಪೈಪು ಮತ್ತು ನೀರು ಕಳೆದುಕೊಳ್ಳುವ ಶಾಖ ಸುಮಾರು 335 ಕಿಲೋ ಕ್ಯಾಲೊರಿ. ಒಂದು ಯೂನಿಟ್ ವಿದ್ಯುತ್ತು 860 ಕಿಲೋ ಕ್ಯಾಲೊರಿಗೆ ಸಮ. 15 ಲೀಟರಿನ ಗೀಸರ್ ತುಂಬ ನೀರನ್ನು ಅಷ್ಟೇ ಬಿಸಿ ಮಾಡಲು ಬೇಕಾಗುವುದು 0.6 ಯೂನಿಟ್, ಪೈಪಿನಲ್ಲಿ ವ್ಯರ್ಥವಾಗುವುದು ಸುಮಾರು 0.4 ಯೂನಿಟ್. ಸೂರ್ಯನ ಬಿಸಿ ಪುಕ್ಕಟೆ ಎನ್ನಬಹುದು. ಆದರೆ ಮಳೆಗಾಲದಲ್ಲಿ ಆ ಬಿಸಿಯನ್ನು ಸೌದೆಯಿಂದಲೋ ವಿದ್ಯುತ್ತಿನಿಂದಲೋ ಕೊಂಡೇ ತರಬೇಕು.

ಕೊಂಕಲ್ ಸೀಮೆಯಲ್ಲಿ ಹತ್ತು ಲೀಟರಿನ ಬೆಲೆ

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹತ್ತು ಲೀಟರ್ ನೀರು ಹರಿದುಹೋದರೆ ಅದು ಬಾಳೆಯ ಬುಡಕ್ಕೋ ತೋಟಕ್ಕೋ ಹೋಗುತ್ತದೆ. ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಇದೇ ಮಾತನ್ನು ಯಾದಗಿರಿ ಜಿಲ್ಲೆಯ ಕೊಂಕಲ್‌ನಂಥ ಬಯಲು ಸೀಮೆಯ ಊರಿನಲ್ಲಿ ಆಡಲಾಗದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಗ್ರಾಮೀಣ ಮನೆಗಳಿಗೆ ಇಟ್ಟುಕೊಂಡ ಗುರಿ ತಲೆಗೆ ದಿನಕ್ಕೆ 55 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಎಲ್ಲಕ್ಕೂ ಸೇರಿ ಅಷ್ಟೇ. ಬಿಸಿನೀರಿಗೆ ಕಾಯುತ್ತ ಹತ್ತು ಲೀಟರ್ ಬಿಟ್ಟರೆ ಒಬ್ಬರ ದಿನದ ಪಾಲಿನಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಭಾಗ ಮೋರಿಗೆ ಹೋದಂತೆ.

ಅಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆಗಳಿಂದ ನೀರು ಕಾಯಿಸುವವರು ಹಂಡೆಯಿಂದಲೇ ತೋಡಿಕೊಳ್ಳುವುದನ್ನು ಹಿಂದುಳಿದ ಪದ್ಧತಿ ಎನ್ನಬೇಕಾಗಿಲ್ಲ. ಪೈಪೇ ಇಲ್ಲದ ಕಡೆ ಪೈಪಿನ ನಷ್ಟವೂ ಇಲ್ಲ. ಹೊಗೆ ಕಣ್ಣಿಗೆ ತುಂಬುವುದು, ಸೌದೆ ಹೆಚ್ಚು ತಿನ್ನುವುದು ಅದರ ದೋಷಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದಿಂದ ಬಂದ ಸುಧಾರಿತ ಒಲೆಗಳು ಇಂಥ ದೋಷಗಳನ್ನೇ ತಿದ್ದಲು ಹೊರಟವು. ಉರಿಗೆ ತಕ್ಕಷ್ಟೇ ಗಾಳಿ ಕೊಡುವುದು, ಬೆಂಕಿಯ ಬಿಸಿ ಪಾತ್ರೆಗೆ ಚೆನ್ನಾಗಿ ತಗಲುವಂತೆ ಮಾಡುವುದು, ಹೊಗೆಯನ್ನು ಚಿಮಣಿಯಲ್ಲಿ ಹೊರಗೆ ಕಳಿಸುವುದು ಅವುಗಳ ಮುಖ್ಯ ತತ್ತ್ವ. ಹಂಡೆಯ ಒಲೆಗೂ ಈ ತತ್ತ್ವ ಒಪ್ಪುತ್ತದೆ.

ಆ ಸೀಮೆಯ ಬೇಸಿಗೆ ನಮ್ಮ ಪಾಠವನ್ನು ತಿರುಗಿಸಿ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಾಳಿಗೆಯ ಮೇಲೂ ಗೋಡೆಯ ಮೇಲೂ ಹಾದುಹೋದ ಪೈಪಿನ ನೀರು ಕೈ ಸುಡುವಷ್ಟು ಕಾಯುತ್ತದೆ. ಮಧ್ಯಾಹ್ನ ನೆಲದಡಿಯ ಪೈಪಿನಿಂದ ಬರುವ ನಳವನ್ನು ತಿರುಗಿಸಿದರೆ ಮೊದಲು ಬಿಸಿನೀರು, ಬಿಸಿಲಿಗೆ ಬಿದ್ದ ಪೈಪಿನ ಉದ್ದವೆಲ್ಲ ಖಾಲಿಯಾದ ಮೇಲೆ ನೆಲದೊಳಗಿನ ತಂಪು ನೀರು. ಇಲ್ಲಿ ಜನ ಕಾಯುವುದು ತಣ್ಣೀರಿಗಾಗಿ, ಆದರೆ ನಿಯಮ ಅದೇ. ಪೈಪನ್ನು ಮಣ್ಣಿನಲ್ಲಿ ಹೂತರೆ ಅಥವಾ ನೆರಳು ಮಾಡಿದರೆ ಈ ತೊಂದರೆ ತಗ್ಗುತ್ತದೆ.

ದಪ್ಪ ಪೈಪು ಹಾಕಿದರೆ ಬೇಗ ಬರುವುದೇ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಪೈಪಿನ ಒಳ ಅಗಲ ಎರಡರಷ್ಟಾದರೆ ಅದರಲ್ಲಿ ಹಿಡಿಯುವ ನೀರು ನಾಲ್ಕರಷ್ಟಾಗುತ್ತದೆ. ನಲ್ಲಿಯ ಬಾಯಿಯೇ ಚಿಕ್ಕದಾಗಿ ಅಲ್ಲಿಂದ ನಿಮಿಷಕ್ಕೆ 6 ಲೀಟರ್ ಮಾತ್ರ ಬರುವುದಾದರೆ, ಹಿಂದೆ ದಪ್ಪ ಪೈಪು ಹಾಕಿದಷ್ಟೂ ಕಾಯುವ ಹೊತ್ತು ಹೆಚ್ಚುತ್ತದೆ. ನೀರು ಉಳಿಸುವ ಸಣ್ಣ ರಂಧ್ರದ ಷವರ್ ಹಾಕಿದಾಗಲೂ ಹೀಗೆಯೇ. ಪೋಲಾಗುವ ಮೊದಲ ನೀರಿನ ಪ್ರಮಾಣ ಬದಲಾಗುವುದಿಲ್ಲ, ಅದು ಹೊರಬರಲು ಹಿಡಿಯುವ ಕಾಲ ಮಾತ್ರ ಹೆಚ್ಚಾಗುತ್ತದೆ.

ಹಾಗೆಂದು ತೀರ ಸಣ್ಣ ಪೈಪೂ ಸಲ್ಲದು. ನಮ್ಮ ಸೋಲಾರ್‌ಗಳಲ್ಲಿ ಬಹುಪಾಲು ಪಂಪಿಲ್ಲದೆ ಎತ್ತರದ ಬಲದಿಂದ ನೀರು ಕೊಡುವಂಥವು. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ. ತಣ್ಣೀರಿನ ಟ್ಯಾಂಕು ನಲ್ಲಿಗಿಂತ ಮೂರೇ ಮೀಟರ್ ಮೇಲಿದ್ದರೆ ಒತ್ತಡ ಅದರ ಮೂರನೆಯ ಒಂದಕ್ಕಿಂತ ಕಡಿಮೆ. ಅರ್ಧ ಇಂಚಿನ ಸಿ.ಪಿ.ವಿ.ಸಿ. ಪೈಪಿನಲ್ಲಿ 60 ಅಡಿ ದೂರ ನಿಮಿಷಕ್ಕೆ 6 ಲೀಟರ್ ಸಾಗಿಸಲು ಒಳಗಿನ ಉಜ್ಜಾಟಕ್ಕೇ ಸುಮಾರು ನಾಲ್ಕೂವರೆ ಅಡಿ ಎತ್ತರ ಖರ್ಚಾಗುತ್ತದೆ. ಬಾಗು, ಮೂಲೆ, ವಾಲ್ವ್‌ಗಳ ಖರ್ಚು ಬೇರೆ. ಮುಕ್ಕಾಲು ಇಂಚಿನದಾದರೆ ಒಂದಡಿಯೂ ಬೇಕಿಲ್ಲ. ಆದ್ದರಿಂದ ಕೆಳ ಅಂತಸ್ತಿನ ಬಚ್ಚಲಿಗೆ ಎತ್ತರ ಸಾಕಷ್ಟಿದ್ದರೆ ಸಣ್ಣ ಪೈಪು ಲೇಸು. ಮೇಲಂತಸ್ತಿನ ಬಚ್ಚಲಿಗೆ ದೂರ ಕಡಿಮೆಯಾದರೂ ಎತ್ತರ ಇಲ್ಲದ್ದರಿಂದ ಮುಕ್ಕಾಲು ಇಂಚೇ ಬೇಕಾಗುವುದು. ಹಲವು ನಲ್ಲಿಗಳಿಗೆ ಸೇರಿದ ಮುಖ್ಯ ಪೈಪು ಮುಕ್ಕಾಲು ಇಂಚು, ಒಂದೊಂದು ನಲ್ಲಿಗೆ ಒಡೆಯುವ ಕವಲು ಅರ್ಧ ಇಂಚು, ಇದು ಸಾಮಾನ್ಯ ಮನೆಗೆ ಒಪ್ಪುವ ಕ್ರಮ.

ತಡವಲ್ಲ, ಬರುವುದೇ ಇಲ್ಲವಾದರೆ

ಎರಡು ನಿಮಿಷ ಬಿಟ್ಟರೂ ಬಿಸಿ ಬಾರದಿದ್ದರೆ ಅದು ಬರೀ ಪೈಪಿನ ಉದ್ದದ ಮಾತಲ್ಲ. ಆಗ ಮೂರು ಕಡೆ ನೋಡಬೇಕು.

ಒಂದು, ತಣ್ಣೀರು ಬಿಸಿನೀರಿನ ದಾರಿಗೆ ನುಗ್ಗುವುದು. ಎರಡೂ ನೀರನ್ನು ಬೆರೆಸುವ ಮಿಕ್ಸರ್ ನಲ್ಲಿಯಲ್ಲಿ ಎರಡು ಬದಿಯ ಒತ್ತಡ ಸಮನಾಗಿರಬೇಕು. ತಣ್ಣೀರನ್ನು ಒತ್ತಡದ ಪಂಪಿನಿಂದ ಕೊಟ್ಟು ಬಿಸಿನೀರನ್ನು ಎತ್ತರದ ಬಲಕ್ಕೇ ಬಿಟ್ಟರೆ, ಬಲಶಾಲಿಯಾದ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ದಬ್ಬುತ್ತದೆ. ಎರಡಕ್ಕೂ ಒಂದೇ ಟ್ಯಾಂಕಿನಿಂದ ನೀರು ಕೊಡುವುದು ಸರಿಯಾದ ದಾರಿ. ಆಗದಿದ್ದರೆ ಬಿಸಿನೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಬೇಕು.

ಎರಡು, ಪೈಪಿನಲ್ಲಿ ಗಾಳಿ ಕಟ್ಟುವುದು. ನೀರು ಕಾದಾಗ ಅದರಲ್ಲಿ ಕರಗಿದ್ದ ಗಾಳಿ ಬಿಡುಗಡೆಯಾಗುತ್ತದೆ. ಪೈಪು ಒಂಟೆಯ ಬೆನ್ನಿನಂತೆ ಏರಿ ಇಳಿದಿದ್ದರೆ ಏರಿದ ಜಾಗದಲ್ಲಿ ಗಾಳಿ ಸಿಕ್ಕಿಕೊಂಡು ನೀರಿಗೆ ಅಡ್ಡವಾಗುತ್ತದೆ. ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪು ಒಂದೇ ಸಮನೆ ಇಳಿಜಾರಾಗಿರಲಿ. ಸೋಲಾರ್ ಟ್ಯಾಂಕಿನ ಗಾಳಿ ಕೊಳವೆಯನ್ನು ಎಂದಿಗೂ ಮುಚ್ಚಬಾರದು. ಅದರ ತುದಿ ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು.

ಮೂರು, ಒಳಗೆ ಸುಣ್ಣ ಕಟ್ಟುವುದು. ಬಯಲು ಸೀಮೆಯ ಕೊಳವೆ ಬಾವಿಯ ಗಡಸು ನೀರು ಕಾದಷ್ಟೂ ಬಿಳಿಯ ಪದರ ಬಿಡುತ್ತದೆ. ವರ್ಷ ಕಳೆದಂತೆ ಪೈಪಿನ ಬಾಯಿ ಕಿರಿದಾಗಿ ನೀರು ಸಣ್ಣಗಾಗುತ್ತದೆ. ಹಿಂದೆ ಒಂದು ನಿಮಿಷಕ್ಕೆ ಬರುತ್ತಿದ್ದ ಬಿಸಿನೀರು ಈಗ ಮೂರು ನಿಮಿಷಕ್ಕೆ ಬರುತ್ತಿದೆ, ತಣ್ಣೀರಿನ ನಲ್ಲಿ ಮಾತ್ರ ಮೊದಲಿನಂತೆಯೇ ಇದೆ ಎಂದಾದರೆ ಈ ಕಾರಣವನ್ನು ಶಂಕಿಸಬಹುದು.

ಪೈಪು ಎಷ್ಟು ಹೊತ್ತಿಗೆ ತಣಿಯುತ್ತದೆ?

ಹೊದಿಕೆಯಿಲ್ಲದ ಮುಕ್ಕಾಲು ಇಂಚಿನ ಜಿ.ಐ. ಪೈಪು ಗಾಳಿಯಾಡದ ಜಾಗದಲ್ಲಿದ್ದರೆ ಅದರೊಳಗಿನ ನೀರಿನ ಹೆಚ್ಚುವರಿ ಬಿಸಿಯಲ್ಲಿ ಅರ್ಧ ಭಾಗ ಸುಮಾರು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಮಾಡಿನ ಮೇಲೆ ಗಾಳಿ ಬೀಸುತ್ತಿದ್ದರೆ ಇನ್ನೂ ಬೇಗ. ಮಳೆ ಸುರಿದರೆ ಕೇಳುವುದೇ ಬೇಡ. ಗೋಡೆಯೊಳಗೆ ಹೂತ ಪೈಪು ಬೆಚ್ಚಗಿರುತ್ತದೆಂಬ ನಂಬಿಕೆಯೂ ಅಷ್ಟು ಸರಿಯಲ್ಲ. ಮಳೆಗಾಲದಲ್ಲಿ ಒದ್ದೆಯಾದ ಕಲ್ಲುಗೋಡೆ ಬಿಸಿಯನ್ನು ಚೆನ್ನಾಗಿಯೇ ಹೀರುತ್ತದೆ.

ಇದರಿಂದ ಖರ್ಚಿಲ್ಲದ ಒಂದು ಉಪಾಯ ತಾನಾಗಿಯೇ ಹೊಳೆಯುತ್ತದೆ. ಮನೆಯವರು ಒಬ್ಬರ ಹಿಂದೊಬ್ಬರು ಹತ್ತು ನಿಮಿಷದ ಅಂತರದಲ್ಲಿ ಮಿಂದರೆ ತಣ್ಣೀರು ಹೋಗುವುದು ಒಂದೇ ಬಾರಿ. ಒಬ್ಬರು ಆರಕ್ಕೆ, ಒಬ್ಬರು ಎಂಟಕ್ಕೆ, ಇನ್ನೊಬ್ಬರು ಹತ್ತಕ್ಕೆ ಎಂದರೆ ಮೂರು ಬಾರಿಯೂ ಪೈಪನ್ನು ಹೊಸದಾಗಿ ಕಾಯಿಸಬೇಕು.

ಮಾಡಬಹುದಾದ ಕೆಲಸಗಳು

ಮೊದಲು ಸ್ವಂತ ಮನೆಯ ಸ್ಥಿತಿಯನ್ನು ಅಳೆಯಿರಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುನ್ನ ಲೀಟರ್ ಗುರುತು ಇರುವ ಬಕೆಟ್ ಇಟ್ಟು, ಬಿಸಿ ಬರುವವರೆಗೆ ಎಷ್ಟು ನೀರು ತುಂಬಿತು, ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ನೀರು ಮೂರು ಲೀಟರಿನೊಳಗಿದ್ದರೆ ಚಿಂತೆಗೆ ಕಾರಣವಿಲ್ಲ. ನೀರು ಕಡಿಮೆ, ಹೊತ್ತು ಮಾತ್ರ ಹೆಚ್ಚು ಎಂದಾದರೆ ದೋಷ ಒತ್ತಡದಲ್ಲಿದೆ. ನೀರೇ ಹೆಚ್ಚಾದರೆ ದೋಷ ಪೈಪಿನ ಉದ್ದ ಮತ್ತು ದಪ್ಪದಲ್ಲಿದೆ.

ಹೊಸದಾಗಿ ಮನೆ ಕಟ್ಟುವವರು ಬಚ್ಚಲು ಮತ್ತು ಅಡುಗೆಮನೆಯನ್ನು ಒಂದೇ ಗೋಡೆಯ ಎರಡು ಬದಿಗೆ ತಂದು, ಅದರ ನೇರ ಮೇಲೆ ಸೋಲಾರ್ ಟ್ಯಾಂಕು ಇರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಬಿಸಿಲು ಕಾಯುವ ಫಲಕಗಳಿಗೆ ನೆರಳು ಬೀಳಬಾರದೆಂಬುದನ್ನು ಮಾತ್ರ ನೋಡಿಕೊಳ್ಳಬೇಕು. ತೆಂಗು, ಅಡಿಕೆ ಮರಗಳ ನಡುವಿನ ಮನೆಗಳಲ್ಲಿ ಟ್ಯಾಂಕನ್ನು ದೂರ ಇಡಬೇಕಾಗಿ ಬರುವುದು ಈ ಕಾರಣಕ್ಕೇ. ಹಾಗಿದ್ದಲ್ಲಿ ಪೈಪಿನ ಹೊದಿಕೆಗೆ ಹಣ ಹಾಕಲು ಹಿಂಜರಿಯಬಾರದು.

ಹೊದಿಕೆಗೆ ಅಂಗಡಿಯಲ್ಲಿ ಸಿಗುವ ಕಪ್ಪು ರಬ್ಬರಿನ ಅಥವಾ ಫೋಮಿನ ತೋಳು ಸಾಕು. ಒಳ್ಳೆಯ ಹೊದಿಕೆ ಇದ್ದರೆ ಅರ್ಧ ಬಿಸಿ ಇಳಿಯಲು ಅರ್ಧ ಗಂಟೆಯ ಬದಲು ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಬಿಸಿಲು ಮಳೆಗೆ ಅದು ಬೇಗ ಹಾಳಾಗುವುದರಿಂದ ಮೇಲೆ ತಗಡು ಅಥವಾ ಟೇಪಿನ ರಕ್ಷಣೆ ಇರಲಿ. ನೀರು ಕುಡಿದ ಹೊದಿಕೆ ಇದ್ದೂ ಇಲ್ಲದಂತೆ. ರಾತ್ರಿಯಿಡೀ ನಿಂತ ನೀರನ್ನು ಯಾವ ಹೊದಿಕೆಯೂ ಬೆಳಗಿನವರೆಗೆ ಬಿಸಿಯಾಗಿ ಕಾಯಲಾರದು ಎಂಬುದೂ ತಿಳಿದಿರಲಿ.

ಪೈಪು ಬದಲಾಯಿಸುವಾಗ ತಣ್ಣೀರಿನ ಸಾಮಾನ್ಯ ಪಿ.ವಿ.ಸಿ. ಪೈಪನ್ನು ಬಿಸಿನೀರಿಗೆ ಹಾಕಬೇಡಿ. ಬಿಸಿಗೆ ಅದು ಮೆತ್ತಗಾಗಿ ಜೋಡಣೆ ಬಿಡುತ್ತದೆ. ಬಿಸಿನೀರಿಗೆಂದೇ ತಯಾರಾದ ಪೈಪು ಬೇಕು.

ಬಚ್ಚಲು ತೀರ ದೂರವಿದ್ದರೆ ಅಲ್ಲಿಯೇ ಒಂದು ಸಣ್ಣ ಗೀಸರ್ ಇಟ್ಟು ಸೋಲಾರ್ ನೀರನ್ನು ಅದರ ಮೂಲಕ ಹಾಯಿಸುವವರಿದ್ದಾರೆ. ಗೀಸರಿನಲ್ಲಿ ಮೊದಲೇ ಇರುವ ಬಿಸಿನೀರು ನಲ್ಲಿಗೆ ಬರುತ್ತಿರುವಾಗ ಪೈಪಿನ ತಣ್ಣೀರು ಅದರೊಳಗೆ ಸೇರಿಕೊಳ್ಳುತ್ತದೆ. ಮೋಡ ಮುಸುಕಿದ ಆಷಾಢ ಶ್ರಾವಣಗಳಲ್ಲಿ ಅದೇ ಗೀಸರ್ ಪೂರ್ತಿ ಕೆಲಸಕ್ಕೂ ಒದಗುತ್ತದೆ. ಕಾದ ನೀರನ್ನು ಒಳಗೆ ಬಿಟ್ಟುಕೊಳ್ಳಬಹುದೇ ಎಂದು ಗೀಸರಿನ ಸೂಚನೆ ಪುಸ್ತಕ ನೋಡಿಯೇ ಜೋಡಿಸಬೇಕು. ಟ್ಯಾಂಕಿಲ್ಲದ, ಆ ಕ್ಷಣಕ್ಕೆ ಕಾಯಿಸುವ 3 ಕಿಲೋವ್ಯಾಟಿನ ಗೀಸರಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಅದು ನಿಮಿಷಕ್ಕೆ 2 ಲೀಟರ್ ನೀರಿನ ಬಿಸಿಯನ್ನು 21 ಡಿಗ್ರಿಯಷ್ಟು ಏರಿಸಬಲ್ಲದು, ಅಷ್ಟೇ.

ಕೊಡಗು, ಚಿಕ್ಕಮಗಳೂರುಗಳಲ್ಲಿ ತೋಟದ ನಡುವೆ ಅತಿಥಿ ಕುಟೀರಗಳನ್ನು ನಡೆಸುವ ಬೆಳೆಗಾರರು ಒಂದೇ ದೊಡ್ಡ ಸೋಲಾರಿನಿಂದ ಎಲ್ಲ ಕುಟೀರಗಳಿಗೆ ಪೈಪು ಎಳೆಯುವ ಮುನ್ನ ಲೆಕ್ಕ ಹಾಕಬೇಕು. ಇಂಚಿನ ಜಿ.ಐ. ಪೈಪು ನೂರು ಮೀಟರ್ ಎಳೆದರೆ ಅದರಲ್ಲಿ ನಿಲ್ಲುವ ನೀರೇ 57 ಲೀಟರ್. ದೊಡ್ಡ ಹೋಟೆಲು ಆಸ್ಪತ್ರೆಗಳಲ್ಲಿ ಕೊನೆಯ ನಲ್ಲಿಯಿಂದ ಟ್ಯಾಂಕಿಗೆ ಹಿಂದಿರುಗುವ ಇನ್ನೊಂದು ಪೈಪು ಹಾಕಿ ಸಣ್ಣ ಪಂಪಿನಿಂದ ಬಿಸಿನೀರನ್ನು ಸುತ್ತಿಸುತ್ತಿರುತ್ತಾರೆ. ಹೊದಿಕೆಯಿಲ್ಲದ ಪೈಪಿನಲ್ಲಿ ಹೀಗೆ ದಿನವಿಡೀ ಸುತ್ತಿಸಿದರೆ ನೀರು ಉಳಿದರೂ ಶಾಖ ಕರಗುತ್ತದೆ. ಬೆಳಿಗ್ಗೆ ಸಂಜೆ ಒಂದೆರಡು ಗಂಟೆ ಮಾತ್ರ ಸುತ್ತಿಸುವುದು ಜಾಣತನ. ದೂರದೂರದ ಕುಟೀರಗಳಿಗೆ ಒಂದೊಂದು ಸಣ್ಣ ಸೋಲಾರ್ ಬೇರೆಯಾಗಿ ಹಾಕಿಸುವುದು ಅನೇಕ ಸಲ ಇದಕ್ಕಿಂತ ಮೇಲು.

ಏನೂ ಮಾಡಲಾಗದಿದ್ದರೆ ಆ ಮೊದಲ ಬಕೆಟನ್ನಾದರೂ ಹಿಡಿಯಿರಿ. ಅದು ಕೊಳಕು ನೀರಲ್ಲ. ಬಟ್ಟೆ ನೆನೆಸಲು, ನೆಲ ಒರಸಲು, ಹೂಗಿಡಕ್ಕೆ ಆಗುತ್ತದೆ.

ಅವಸರದಲ್ಲಿ ಜೀವಕ್ಕೆ ಕುತ್ತು ಬೇಡ

ಬಿಸಿನೀರು ಬೇಗ ಬರಲೆಂದು ಕೆಲವರು ಗ್ಯಾಸ್ ಗೀಸರನ್ನು ಬಚ್ಚಲ ಒಳಗೇ, ಮೀಯುವವರ ತಲೆಯ ಬಳಿ ತೂಗುಹಾಕುತ್ತಾರೆ. ಪೈಪಿನ ಉದ್ದ ಕಡಿಮೆಯಾಯಿತೆಂಬುದೇನೋ ನಿಜ. ಆದರೆ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಗಾಳಿಯಲ್ಲಿನ ಆಮ್ಲಜನಕ ಕುಗ್ಗಿ, ಉರಿ ಅರೆಬರೆಯಾಗಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ತಿಳಿಯುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ನಮ್ಮ ರಾಜ್ಯದಲ್ಲಿ ಹೀಗೆ ಸ್ನಾನಕ್ಕೆ ಹೋದವರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಅದಕ್ಕಾಗಿ ಅರ್ಧ ನಿಮಿಷ ಹೆಚ್ಚು ಕಾಯಬೇಕಾದರೆ ಕಾಯೋಣ. ಹಳೆಯ ಬಚ್ಚಲಿನ ಮಾಡಿನಲ್ಲಿ ಹೊಗೆ ಹೋಗಲು ಹಿರಿಯರು ಬಿಟ್ಟ ಕಿಂಡಿಯನ್ನು ಹೊಸ ಮನೆಗಳಲ್ಲಿ ಗಾಜಿನಿಂದ ಮುಚ್ಚಿದ್ದೇವೆ ಎಂಬುದು ನೆನಪಿರಲಿ.

ಇನ್ನೊಂದು ಅಪಾಯ ಮಕ್ಕಳಿಗೆ ಮತ್ತು ವೃದ್ಧರಿಗೆ. ತಣ್ಣೀರು ಬರುತ್ತಿದೆಯೆಂದು ನಲ್ಲಿಯ ಕೆಳಗೆ ನಿಂತ ಮಗುವಿನ ಮೇಲೆ, ಪೈಪಿನ ಸರದಿ ಮುಗಿದೊಡನೆ ಟ್ಯಾಂಕಿನ ಸುಡುನೀರು ಬೀಳಬಹುದು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಸೋಲಾರ್ ನೀರು 60 ಡಿಗ್ರಿ ದಾಟುವುದು ಅಪರೂಪವಲ್ಲ. ಅಷ್ಟು ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಮೈ ಸುಡುತ್ತದೆ. ಮೊದಲು ಬಕೆಟ್‌ಗೆ ಹಿಡಿದು, ತಣ್ಣೀರು ಬೆರೆಸಿ, ಕೈಯಿಟ್ಟು ನೋಡಿದ ಮೇಲೆಯೇ ಮಕ್ಕಳಿಗೆ ಮೀಯಿಸುವುದು ಒಳ್ಳೆಯದು. ಸೌದೆಯ ಬಾಯ್ಲರ್ ಇಟ್ಟುಕೊಂಡವರು ಅದರ ಆವಿ ಹೊರಹೋಗುವ ಕೊಳವೆ ತೆರೆದಿದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಎಲ್ಲ ಬಾಯಿಯೂ ಮುಚ್ಚಿದ ಬಾಯ್ಲರ್ ಸಿಡಿಯಬಲ್ಲದು.

ಮಳೆಗಾಲಕ್ಕೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಟ್ಯಾಂಕಿನಿಂದ ನಲ್ಲಿಯವರೆಗೆ ಪೈಪಿನ ಜಾಡು ಹಿಡಿದು ನಡೆಯಿರಿ. ಉದ್ದ ಎಷ್ಟು, ಹೊದಿಕೆ ಎಲ್ಲಿ ಹರಿದಿದೆ, ಎಲ್ಲಿ ಏರಿ ಇಳಿದಿದೆ ಎಂದು ನೋಡಿ. ಒಂದು ಅಳತೆ ಟೇಪು, ಒಂದು ಬಕೆಟ್, ಒಂದು ಗಡಿಯಾರ ಇದ್ದರೆ ಈ ಪರೀಕ್ಷೆಗೆ ಸಾಕು. ತೋಟದ ನೀರಿನ ಪೈಪಿಗೆ ವರ್ಷವರ್ಷವೂ ಮಾಡುವ ಆರೈಕೆಯಲ್ಲಿ ಒಂದು ಪಾಲು ಮನೆಯ ಪೈಪಿಗೂ ಸಿಗಲಿ.